ಕಾಲಿನ ಬಣ್ಣ ನೋಡದೆ ಹೊಸಕಬೇಡಿ

ಇವತ್ತಿನ ಸಂಚಿಕೆಯನ್ನ ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಹೋದ ಅಕ್ಟೋಬರ್‌ನಲ್ಲಿ, ಇಲ್ಲಿ ಇಂಗ್ಲೆಂಡಿನ ನಮ್ಮ ಮನೆಯ ಕಿಟಕಿ ಮೂಲೆಯಲ್ಲಿ ಲೇಡಿಬರ್ಡ್‌ಗಳು ಗುಂಪುಗಟ್ಟಿದ್ದವು. ಗುಲಗಂಜಿ ಹುಳ ಅಂತಾರಲ್ಲ, ಅವೇ. ಹೊರದೇಶದಿಂದ ಬಂದ ಹಾರ್ಲೆಕ್ವಿನ್ ಲೇಡಿಬರ್ಡ್ ಚಳಿಗಾಲಕ್ಕೆ ಮನೆಯೊಳಗೆ ಸೇರಿಕೊಳ್ಳುತ್ತೆ ಅಂತ ಓದಿದ್ದೆ. ಟಿಶ್ಯೂ ತಗೊಂಡು ಒಂದೊಂದನ್ನೇ ಹೊಸಕಿ ಹಾಕಿದೆ. ಅದಕ್ಕೂ ಮೊದಲು ಒಂದರ ಫೋಟೊ ತೆಗೆದಿದ್ದೆ: ಕಪ್ಪು ಮೈ, ನಾಲ್ಕು ಕೆಂಪು ಚುಕ್ಕೆ, ಪುಟ್ಟ ಹುಳ. ರಾತ್ರಿ ದೊಡ್ಡದು ಮಾಡಿ ನೋಡಿದರೆ ಕಾಲು ಕಪ್ಪು! ಅದು ಹಾರ್ಲೆಕ್ವಿನ್ ಅಲ್ಲ, ಇಲ್ಲಿನದೇ ಆದ ಎರಡು ಚುಕ್ಕೆ ಲೇಡಿಬರ್ಡ್‌ನ ಕಪ್ಪು ರೂಪ. ಯಾವುದನ್ನ ಉಳಿಸಬೇಕು ಅಂತ ಹೊರಟಿದ್ದೆನೋ ಅದನ್ನೇ ಕೊಂದಿದ್ದೆ.

ಹಾಗಂತ ಹಾರ್ಲೆಕ್ವಿನ್ ನಿರಪರಾಧಿ ಅಂತ ನಾನು ಹೇಳ್ತಿಲ್ಲ. ಅದರ ಮೂಲ ಚೀನಾ, ಜಪಾನ್, ಕೊರಿಯಾ, ಸೈಬೀರಿಯಾ ಕಡೆ. ಗಿಡಹೇನುಗಳನ್ನ ಚೆನ್ನಾಗಿ ತಿನ್ನುತ್ತೆ ಅಂತ ಅಮೆರಿಕದವರು 1916ರಿಂದಲೇ ತಂದು ಬಿಟ್ಟರು. ಆಮೇಲೆ ಯುರೋಪಿನಲ್ಲೂ ಹಸಿರುಮನೆಗಳಿಗೆ ಅಂತ ಮಾರಾಟವಾಯಿತು. 2004ರಲ್ಲಿ ಬ್ರಿಟನ್ನಿನ ಎಸೆಕ್ಸ್‌ನಲ್ಲಿ ಕಾಣಿಸಿಕೊಂಡಿತು. ಗಿಡಹೇನು ಮುಗಿದ ಮೇಲೆ ಅದು ಸುಮ್ಮನಿರಲ್ಲ. ಬೇರೆ ಲೇಡಿಬರ್ಡ್‌ಗಳ ಮೊಟ್ಟೆ, ಮರಿ ತಿನ್ನುತ್ತೆ. ಗಿಡಹೇನು ತಿಂದೇ ಬದುಕುವ ಹೋವರ್‌ಫ್ಲೈ, ಲೇಸ್‌ವಿಂಗ್ ಮರಿಗಳನ್ನೂ ಬಿಡಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬ್ರಿಟನ್ನಿನಲ್ಲಿ ಪರಿಶೀಲಿಸಿದ 8 ಸ್ಥಳೀಯ ಜಾತಿಗಳಲ್ಲಿ 7 ಕುಸಿದಿದ್ದವು. ಎರಡು ಚುಕ್ಕೆಯದು ಐದೇ ವರ್ಷದಲ್ಲಿ ಶೇ. 44ರಷ್ಟು ಇಳಿದಿತ್ತು.

ಇಷ್ಟೆಲ್ಲಾ ಗೊತ್ತಿದ್ದೂ ಕೊಲ್ಲಬೇಡಿ ಅಂತ ಯಾಕೆ ಹೇಳ್ತೀನಿ? ಮೊದಲನೇ ಕಾರಣ, ಗುರುತು ಹಿಡಿಯೋದು ಸುಲಭವಲ್ಲ. ಹಾರ್ಲೆಕ್ವಿನ್‌ಗೆ ಹತ್ತಾರು ವೇಷ. ಕಿತ್ತಳೆ ಮೈಯಲ್ಲಿ ಚುಕ್ಕೆಯೇ ಇಲ್ಲದೆ ಇರಬಹುದು, ಇಪ್ಪತ್ತರವರೆಗೂ ಇರಬಹುದು. ಕಪ್ಪು ಮೈಯಲ್ಲಿ ಎರಡೋ ನಾಲ್ಕೋ ಕೆಂಪು ಚುಕ್ಕೆ ಇರಬಹುದು. ಅದಕ್ಕೇ ಚುಕ್ಕೆ ಎಣಿಸಬೇಡಿ. ಗಾತ್ರ ನೋಡಿ: ಹಾರ್ಲೆಕ್ವಿನ್ 5ರಿಂದ 8 ಮಿಲಿಮೀಟರ್, ಎರಡು ಚುಕ್ಕೆಯದು 4ರಿಂದ 5. ಕಾಲು ನೋಡಿ: ಹಾರ್ಲೆಕ್ವಿನ್‌ದು ಸಾಮಾನ್ಯವಾಗಿ ಕಂದು, ಎರಡು ಚುಕ್ಕೆ, ಏಳು ಚುಕ್ಕೆಯವಕ್ಕೆ ಕಪ್ಪು. ಕಿತ್ತಳೆ ರೂಪದಲ್ಲಿ ತಲೆಯ ಹಿಂದಿನ ಬಿಳಿ ಭಾಗದ ಮೇಲೆ ಇಂಗ್ಲಿಷಿನ 'ಎಂ' ಅಕ್ಷರದಂಥ ಕಪ್ಪು ಗುರುತು ಇರುತ್ತೆ. ಹಾಗಂತ ಕಂದು ಕಾಲು ಕಂಡ ತಕ್ಷಣ ತೀರ್ಮಾನಕ್ಕೂ ಬರಬೇಡಿ. ಇಲ್ಲಿನ ಹತ್ತು ಚುಕ್ಕೆಯದಕ್ಕೂ ಕಂದು ಕಾಲೇ, ಆದರೆ ಅದು ಚಿಕ್ಕದು. ಇನ್ನು ಎರಡು ಚುಕ್ಕೆಯದೂ ಚಳಿಗೆ ಕಿಟಕಿ ಸಂದಿ ಸೇರುತ್ತೆ, ಆದ್ದರಿಂದ ಮನೆಯೊಳಗೆ ಇರೋದೆಲ್ಲ ಹಾರ್ಲೆಕ್ವಿನ್ ಅನ್ನೋದೂ ಸುಳ್ಳು.

ಎರಡನೇ ಕಾರಣ, ದೇಶವೆಲ್ಲ ಹರಡಿರೋ ಹುಳ ನಮ್ಮ ಕಿಟಕಿಯಲ್ಲಿ ಇಪ್ಪತ್ತು ಸತ್ತರೆ ಕಮ್ಮಿಯಾಗಲ್ಲ. ಆದರೆ ಕುಗ್ಗುತ್ತಿರೋ ಜಾತಿಗೆ ಒಂದೊಂದು ಹುಳವೂ ಲೆಕ್ಕ.

'ಹೊರಗಿನಿಂದ ಬಂದದ್ದು, ಓಡಿಸಿ' ಅನ್ನೋ ಮಾತು ಪರದೇಶದಲ್ಲಿರೋ ನಮ್ಮಂಥವರ ಕಿವಿಗೆ ಸ್ವಲ್ಪ ಚುಚ್ಚುತ್ತೆ, ಅಲ್ವಾ? ಹೊರಗಿನದು ಅನ್ನೋದೇ ದೋಷವಲ್ಲ. ಕ್ರಿಪ್ಟೊಲೀಮಸ್ ಅನ್ನೋ ಲೇಡಿಬರ್ಡ್ ಅನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು ಕಾಫಿ ಗಿಡದ ಕೀಟಕ್ಕಾಗಿ. ಇವತ್ತಿಗೂ ನಮ್ಮ ದ್ರಾಕ್ಷಿ, ಕಾಫಿ ಬೆಳೆಗಾರರು ಹಿಟ್ಟು ತಿಗಣೆಗೆ ಅದನ್ನ ಬಿಡ್ತಾರೆ. ಎಲ್ಲಿಂದ ಬಂತು ಅನ್ನೋದಕ್ಕಿಂತ, ಬಂದು ಏನು ಮಾಡ್ತಿದೆ ಅಂತ ಕೇಳಬೇಕು. ಹಾರ್ಲೆಕ್ವಿನ್ ವಿಷಯದಲ್ಲಿ ಆ ಪ್ರಶ್ನೆ ಕೇಳದೆ ಅವಸರಪಟ್ಟವರು ಮನುಷ್ಯರು. ಟಿಶ್ಯೂ ಹಿಡಿದ ನನ್ನದೂ ಅದೇ ಅವಸರ.

ಹಾಗಾದ್ರೆ ಕೈಕಟ್ಟಿ ಕೂರೋದಾ? ಇಲ್ಲ. ಮೊದಲು ಫೋಟೊ ತೆಗೀರಿ: ಮೇಲಿನಿಂದ ಒಂದು, ಕಾಲು ಕಾಣುವ ಹಾಗೆ ಪಕ್ಕದಿಂದ ಒಂದು. ಬ್ರಿಟನ್ನಿನಲ್ಲಿದ್ದರೆ ಯುಕೆ ಲೇಡಿಬರ್ಡ್ ಸರ್ವೇಗೆ ಕಳಿಸಿ. ಆ ಶೇ. 44 ಅನ್ನೋ ಸಂಖ್ಯೆ ಸಿಕ್ಕಿದ್ದೇ ಸಾಮಾನ್ಯ ಜನ ವರ್ಷಗಟ್ಟಲೆ ಕಳಿಸಿದ ಇಂಥ ದಾಖಲೆಗಳಿಂದ. ಮನೆಯೊಳಗೆ ಕಿರಿಕಿರಿಯಾದರೆ ಒಂದು ಲೋಟ, ಒಂದು ಕಾಗದ ಸಾಕು. ಮೆಲ್ಲಗೆ ಎತ್ತಿ ಹೊರಗಿನ ಶೆಡ್‌ನಲ್ಲಿ ಬಿಡಿ. ಹೆದರಿದರೆ ಹಳದಿ ರಸ ಬಿಡುತ್ತವೆ, ಪರದೆಗೆ ಕಲೆಯಾದೀತು. ಬೇಸಿಗೆಯಲ್ಲಿ ಗುಲಾಬಿಗೆ ಗಿಡಹೇನು ಬಂದ ತಕ್ಷಣ ಔಷಧಿ ಹೊಡೀಬೇಡಿ. ಸ್ಥಳೀಯ ಲೇಡಿಬರ್ಡ್‌ಗಳಿಗೂ ಊಟ ಬೇಕು.

ನಾನು ಆ ಫೋಟೊವನ್ನೂ ಕಳಿಸಿದೆ. ಟಿಪ್ಪಣಿಯಲ್ಲಿ 'ಸತ್ತಿದೆ' ಅಂತ ಬರೆಯಬೇಕಾಯಿತು. ನಿಮ್ಮ ಟಿಪ್ಪಣಿಯಲ್ಲಿ ಆ ಪದ ಬರದಿರಲಿ. ಮತ್ತೆ ಸಿಗೋಣ.