ಮದ್ದಿಗೂ ಎರಡು ಸಾಲು ಬಿಟ್ಟು ನೋಡಲಿ

ಹೊಸ ಗೊಬ್ಬರ ಬಂದರೆ ನಾವು ಪೂರಾ ಹೊಲಕ್ಕೆ ಚೆಲ್ಲುವುದಿಲ್ಲ. ನಾಲ್ಕು ಸಾಲಿಗೆ ಹಾಕಿ, ಪಕ್ಕದ ನಾಲ್ಕು ಸಾಲು ಹಾಗೇ ಬಿಟ್ಟು ನೋಡುತ್ತೇವೆ. ರಾಗಿಗೆ ಇಷ್ಟು ನಿಗಾ ಮಾಡುವವರು, ಕೀಟನಾಶಕದ ವಿಷವೇರಿದ ರೈತನಿಗೆ ಕೊಡುವ ಮದ್ದಿನ ಬಗ್ಗೆ ಯಾಕೆ ಕೇಳುವುದಿಲ್ಲ?

ಕೆಲವು ವರ್ಷದ ಕೆಳಗೆ ನಮ್ಮ ಚನ್ನರಾಯಪಟ್ಟಣ ಹೋಬಳಿಯಲ್ಲೇ, ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುತ್ತಿದ್ದ ನನ್ನ ಭಾವಮೈದ ಕುಸಿದು ಬಿದ್ದ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಆಸ್ಪತ್ರೆಯಲ್ಲಿ ಅಟ್ರೊಪಿನ್ ಕೊಟ್ಟರು. ಆಮೇಲೆ ದಿನಕ್ಕೊಂದು ಚೀಟಿ. ಪ್ಯಾಮ್ ತನ್ನಿ, ಮೆಗ್ನೀಷಿಯಂ ತನ್ನಿ, ಪ್ಲಾಸ್ಮಾ ತನ್ನಿ. ಸೀಮೆಹಸು ಮಾರಿದೆವು. ಬದುಕಿದ, ಅದೇ ಪುಣ್ಯ. ಯಾವುದರಿಂದ ಬದುಕಿದ ಅಂದರೆ ಯಾರೂ ಹೇಳಲಿಲ್ಲ.

ಹೇಳೋದಾದರೂ ಹೇಗೆ? ಈ ಜಾತಿ ವಿಷಕ್ಕೆ ಅಟ್ರೊಪಿನ್, ಆಮ್ಲಜನಕ, ಉಸಿರು ಸೋತರೆ ವೆಂಟಿಲೇಟರ್, ಇಷ್ಟು ಗಟ್ಟಿ. ಪ್ಯಾಮ್‌ನದೇ ಜಗಳ ಮುಗಿದಿಲ್ಲ. ಬಾರಾಮತಿಯಲ್ಲಿ 200 ಜನರಿಗೆ ಕೊಟ್ಟು ನೋಡಿ 2006ರಲ್ಲಿ ಹೆಚ್ಚು ಪ್ರಮಾಣ ಒಳ್ಳೇದು ಅಂದರು. ಶ್ರೀಲಂಕಾದಲ್ಲಿ 235 ಜನರನ್ನು ನೋಡಿ 2009ರಲ್ಲಿ ಉಪಯೋಗ ಕಾಣಲಿಲ್ಲ ಅಂದರು. ಮೆಗ್ನೀಷಿಯಂ, ಸೋಡಾ, ಪ್ಲಾಸ್ಮಾಗಳನ್ನು ಸಣ್ಣ ಸಣ್ಣ ಗುಂಪಿನಲ್ಲಿ ನೋಡಿದ್ದೇ ಹೆಚ್ಚು. ಬಾಂಗ್ಲಾದೇಶದ್ದು ಕೇಳಿ. ಹಳೇ ಅಟ್ರೊಪಿನ್ನನ್ನೇ ಬೇಗ ಬೇಗ ಏರಿಸಿ, ಆಮೇಲೆ ಡ್ರಿಪ್ಪಿನಲ್ಲಿ ಕೊಟ್ಟರು. ಹಳೇ ರೀತಿಯವರಲ್ಲಿ ನೂರಕ್ಕೆ 22ರಷ್ಟು ಸತ್ತರೆ ಇವರಲ್ಲಿ 8. ಇದು 2012ರಲ್ಲಿ ಹೊರಬಂತು. ಹೊಸ ಮದ್ದಿಲ್ಲ, ಖರ್ಚಿಲ್ಲ, ಪರೀಕ್ಷೆ ಮಾಡಿದ್ದಕ್ಕೆ ಗೊತ್ತಾಯಿತು.

ನಮ್ಮಲ್ಲೇನು ವಿಷ ಕಮ್ಮಿಯೇ? 2018ರ ಡಿಸೆಂಬರಿನಲ್ಲಿ ಹನೂರು ತಾಲ್ಲೂಕು ಸುಳ್ವಾಡಿಯಲ್ಲಿ ಮೊನೊಕ್ರೊಟೊಫಾಸ್ ಬೆರೆಸಿದ ಪ್ರಸಾದ ತಿಂದು 17 ಜನ ಸತ್ತರು.

ಪರೀಕ್ಷೆ ಅಂದರೆ ನಮ್ಮನ್ನು ಇಲಿ ಮಾಡ್ತಾರೆ ಅನ್ನುವವರಿದ್ದಾರೆ. ಗೊತ್ತಿಲ್ಲದ ಮದ್ದಿಗೆ ಹಸು ಮಾರಿದಾಗ ನಾವೇನಾಗಿದ್ದೆವು? ಇಲಿಗಾದರೂ ಬಿಲ್ಲು ಕೊಡುವುದಿಲ್ಲ. ಆದರೆ ಷರತ್ತುಂಟು. ಅಟ್ರೊಪಿನ್ ಇಬ್ಬರಿಗೂ ಸಿಗಬೇಕು. ಹೆಚ್ಚಿನ ಮದ್ದು ಯಾರಿಗೆ ಅನ್ನೋದು ಚೀಟಿ ಎತ್ತಿ ಆಗಬೇಕು. ಒಳ್ಳೆ ಮಣ್ಣಿನ ಸಾಲಿಗೇ ಗೊಬ್ಬರ ಹಾಕಿ ಬೆಳೆ ಬಂತು ಅನ್ನಬಾರದು. ಮನೆಯವರಿಗೆ ಕನ್ನಡದಲ್ಲಿ ತಿಳಿಸಿ ಒಪ್ಪಿಗೆ ಕೇಳಬೇಕು, ಒಲ್ಲೆ ಅಂದರೂ ಚಿಕಿತ್ಸೆ ನಿಲ್ಲಬಾರದು. ಖರ್ಚು ನಮ್ಮದಲ್ಲ.

ನಮ್ಮ ಕಡೆಯಿಂದ ಒಂದು ಕೆಲಸ ಉಂಟು. ಉಪ್ಪುನೀರು ಕುಡಿಸಿ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಿ, ಔಷಧಿ ಬಾಟ್ಲಿ ಜೊತೆಗೆ ಒಯ್ಯಿರಿ. ಒಂದೊಂದು ವಿಷದ ಗುಣ ಒಂದೊಂದು, ಹೆಸರು ತಿಳಿಯದಿದ್ದರೆ ಡಾಕ್ಟರೂ ಕತ್ತಲಲ್ಲಿ. ಭಾವಮೈದನ ಬಾಟ್ಲಿಯನ್ನು ನಾವು ಗಾಬರಿಯಲ್ಲಿ ಬದುವಿನಾಚೆ ಎಸೆದು ಹೋಗಿದ್ದೆವು.