ನೊರಜಿಗೆ ಬಲೆ ಹಾಕುವ ಮುನ್ನ

ಶ್ರಾವಣ ಬಂತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಮನೆಗಳಲ್ಲಿ ಹಬ್ಬಗಳ ಸಾಲು ಶುರುವಾಗುತ್ತದೆ. ಪೂಜೆಗೆಂದು ತಂದ ಬಾಳೆಹಣ್ಣು ಎರಡು ದಿನ ಬುಟ್ಟಿಯಲ್ಲಿ ಉಳಿದರೆ ಸಾಕು, ಅದರ ಸುತ್ತ ನೊರಜುಗಳ ಹಿಂಡು ಹಾರಾಡತೊಡಗುತ್ತದೆ. ಕೈ ಬೀಸಿದರೆ ಏಳುತ್ತವೆ, ಕೈ ತೆಗೆದರೆ ಮತ್ತೆ ಬಂದು ಕೂರುತ್ತವೆ. ಮರಾಠಿ ಮಾತನಾಡುವ ನೆರೆಹೊರೆಯವರು ಇವನ್ನೇ ‘ಚಿಲಟ’ ಎನ್ನುತ್ತಾರೆ. ಹೆಸರು ಯಾವುದಾದರೂ ಕಾಟ ಒಂದೇ.

ಇವು ಎಲ್ಲಿಂದ ಬಂದವು? ಮನೆಯ ಹಿರಿಯರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಹಣ್ಣ ಕೊಳತರ ಅದರಾಗ ತಾವ ಹುಟ್ಟತಾವ.” ಈ ಉತ್ತರ ಸರಿಯಲ್ಲ, ಆದರೆ ನಗುವಂಥದ್ದೂ ಅಲ್ಲ. ಅರಿಸ್ಟಾಟಲ್‌ನ ಕಾಲದಿಂದ ಸುಮಾರು ಎರಡು ಸಾವಿರ ವರ್ಷ ಲೋಕದ ದೊಡ್ಡ ದೊಡ್ಡ ಪಂಡಿತರೂ ಹೀಗೆಯೇ ನಂಬಿದ್ದರು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಎಂಬ ವೈದ್ಯ ಜಾಡಿಗಳಲ್ಲಿ ಮಾಂಸವಿಟ್ಟು, ಕೆಲವನ್ನು ತೆರೆದಿಟ್ಟ, ಕೆಲವಕ್ಕೆ ತೆಳು ಬಟ್ಟೆ ಕಟ್ಟಿದ. ತೆರೆದ ಜಾಡಿಗಳ ಮಾಂಸದಲ್ಲಿ ಹುಳುಗಳಾದವು. ಬಟ್ಟೆ ಕಟ್ಟಿದ ಜಾಡಿಗಳ ಮಾಂಸದಲ್ಲಿ ಆಗಲಿಲ್ಲ. ನೊಣಗಳು ಮೊಟ್ಟೆಯಿಟ್ಟರೆ ಮಾತ್ರ ಹುಳು, ಇಲ್ಲದಿದ್ದರೆ ಇಲ್ಲ ಎಂಬುದು ಅಂದು ಸ್ಪಷ್ಟವಾಯಿತು.

ನೊರಜಿನ ವಿಷಯದಲ್ಲಿ ನಾವು ನೆನಪಿಡಬೇಕಾದ ಮೊದಲ ಪಾಠ ಇದೇ. ಹಾರುವ ನೊರಜು ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ಅದರ ಮೊಟ್ಟೆ, ಮರಿಹುಳು ಬೇರೆಲ್ಲೋ ಇರುತ್ತವೆ. ಬಲೆ ಹಾರುವುದನ್ನು ಹಿಡಿಯುತ್ತದೆ. ಹುಟ್ಟುವ ಜಾಗವನ್ನು ನಾವೇ ಹುಡುಕಬೇಕು.

ಮೊದಲು ಗುರುತು ಹಿಡಿಯಿರಿ

ಮನೆಯೊಳಗೆ ನಾವು ನೊರಜು ಎಂದು ಕರೆಯುವುದು ಒಂದೇ ಕೀಟವಲ್ಲ. ಸಾಮಾನ್ಯವಾಗಿ ಮೂರು ಬಗೆಯವು ಕಾಣಸಿಗುತ್ತವೆ. ಒಂದು ಭೂತಕನ್ನಡಿ ಇದ್ದರೆ ಎಂಟನೆಯ ತರಗತಿಯ ಹುಡುಗನೂ ಇವನ್ನು ಬೇರ್ಪಡಿಸಬಲ್ಲ.

ಮೊದಲನೆಯದು ಹಣ್ಣಿನ ಸಣ್ಣ ನೊಣ, ವಿಜ್ಞಾನದಲ್ಲಿ ಡ್ರೊಸೋಫಿಲಾ. ಸುಮಾರು 3 ಮಿಲಿಮೀಟರ್ ಉದ್ದ, ಕಂದು ಹಳದಿ ಮೈ, ಕೆಂಪು ಕಣ್ಣು. ಹಣ್ಣು, ಕಬ್ಬಿನ ಹಾಲು, ಹುಳಿ ಬಂದ ಹಿಟ್ಟು ಇದ್ದಲ್ಲಿ ಹಾರಾಡುತ್ತದೆ. ಎರಡನೆಯದು ಬಚ್ಚಲ ನೊಣ. ರೆಕ್ಕೆಯ ಮೇಲೆ ಪತಂಗಕ್ಕಿರುವಂತೆ ಕೂದಲು. ಗೋಡೆಯ ಮೇಲೆ ಕುಳಿತಾಗ ಪುಟ್ಟ ಹೃದಯದ ಚಿತ್ರದಂತೆ ಕಾಣುತ್ತದೆ. ಹೆಚ್ಚು ದೂರ ಹಾರಲಾರದು. ಮೂರನೆಯದು ಕುಂಡದ ನೊರಜು. ಕಪ್ಪಗೆ, ಸಣಕಲಾಗಿ, ಉದ್ದ ಕಾಲುಗಳೊಂದಿಗೆ ಹೂವಿನ ಕುಂಡದ ಹಸಿ ಮಣ್ಣಿನ ಮೇಲೆ ಓಡಾಡುತ್ತದೆ.

ಈ ಮೂರೂ ಕಚ್ಚುವುದಿಲ್ಲ. ಕಚ್ಚುವುದು ಸೊಳ್ಳೆಯಾದರೆ ಮುಂದೆ ಹೇಳುವ ಬಲೆಗಳಿಂದ ಪ್ರಯೋಜನವಿಲ್ಲ; ನೀರು ತುಂಬಿಟ್ಟ ಬ್ಯಾರಲ್, ತೊಟ್ಟಿ, ಹಳೆಯ ಟೈರುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಬೇಕು.

ಹಣ್ಣಿನ ನೊಣಕ್ಕೆ ಬೆಲ್ಲದ ಬಲೆ

ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರು ಹಾಕಿ. ಅಡಿಕೆ ಗಾತ್ರದ ಬೆಲ್ಲ ಕರಗಿಸಿ, ಕಳಿತ ಬಾಳೆಹಣ್ಣಿನ ಒಂದು ಹೋಳನ್ನು ಹಿಚುಕಿ ಸೇರಿಸಿ. ಬಟ್ಟೆ ಮುಚ್ಚಿ ಒಂದು ದಿನ ಬೆಚ್ಚಗಿನ ಜಾಗದಲ್ಲಿಡಿ. ಹುಳಿ ವಾಸನೆ ಬಂದ ಮೇಲೆ ಬಟ್ಟೆ ತೆಗೆದು, ಪಾತ್ರೆ ತೊಳೆಯುವ ದ್ರವ ಸಾಬೂನಿನ ಎರಡೇ ಹನಿ ಹಾಕಿ. ಮನೆಯಲ್ಲಿ ವಿನೆಗರ್ ಇದ್ದರೆ ಎರಡು ಚಮಚ ಬೆರೆಸಬಹುದು. ಬುಟ್ಟಿಯಲ್ಲಿದ್ದ ಹಣ್ಣನ್ನೆಲ್ಲ ತೆಗೆದು ಮುಚ್ಚಿಟ್ಟು, ಆ ಜಾಗದಲ್ಲಿ ಲೋಟ ಇಡಿ. ಹಣ್ಣೂ ಅಲ್ಲೇ ಇದ್ದರೆ ನೊಣ ಬಲೆಗೆ ಏಕೆ ಬಂದೀತು?

ಇಲ್ಲಿ ನಡೆಯುವುದೇನು? ಬೆಲ್ಲ, ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಹುದುಗಿಸಿ ಆಲ್ಕೊಹಾಲ್ ಮಾಡುತ್ತದೆ. ಅದನ್ನು ಬೇರೆ ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಆಮ್ಲವಾಗಿ ಬದಲಿಸುತ್ತವೆ. ಈ ವಾಸನೆಯೇ ಹಣ್ಣಿನ ನೊಣಕ್ಕೆ ಊಟದ ಕರೆ. ಕಬ್ಬಿನ ಗಾಣ, ಕಾಕಂಬಿ, ದ್ರಾಕ್ಷಿ ತೋಟ, ಬಾಳೆಮಂಡಿ ಇರುವ ನಮ್ಮ ಸೀಮೆಯಲ್ಲಿ ಇಂಥ ಕರೆಗೆ ಬರವಿಲ್ಲ.

ನೊಣ ವಾಸನೆಯನ್ನು ಹೇಗೆ ಅರಿಯುತ್ತದೆ ಎಂಬುದನ್ನು ತಿಳಿಯಲು ನಮ್ಮ ದೇಶದವರೇ ದೊಡ್ಡ ಕೆಲಸ ಮಾಡಿದ್ದಾರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಒಬೈದ್ ಸಿದ್ದಿಕಿ ಮತ್ತು ಅವರ ಶಿಷ್ಯೆ ವೆರೋನಿಕಾ ರೊಡ್ರಿಗಸ್, ವಾಸನೆ ಮತ್ತು ರುಚಿ ಸರಿಯಾಗಿ ತಿಳಿಯದ ಡ್ರೊಸೋಫಿಲಾ ತಳಿಗಳನ್ನು ಹುಡುಕಿ, ಈ ಅರಿವಿನ ಹಿಂದೆ ಜೀನ್‌ಗಳಿವೆ ಎಂದು ತೋರಿಸಿದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಸಿದ್ದಿಕಿಯವರೇ. ಇನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೋಫಿಲಾ ತಳಿಗಳನ್ನು ಸಾಕಿ ಕಾಯುವ ಕೇಂದ್ರವೇ ಇದೆ. ಅಲ್ಲಿ ನೊಣಗಳಿಗೆ ಹಾಕುವ ಆಹಾರದಲ್ಲಿ ಮುಖ್ಯವಾದವು ಯಾವುವು ಗೊತ್ತೇ? ರವೆ ಮತ್ತು ಬೆಲ್ಲ! ನಮ್ಮ ಅಡುಗೆಮನೆಯಲ್ಲಿ ಅವು ಸುಖವಾಗಿರುವುದರಲ್ಲಿ ಆಶ್ಚರ್ಯವೇನಿದೆ?

ಸಾಬೂನಿನ ಹನಿ ಏಕೆ?

ಒಂದು ಬಟ್ಟಲು ನೀರಿನ ಮೇಲೆ ತೆಳು ಕಾಗದದ ಚೂರಿಟ್ಟು ಅದರ ಮೇಲೆ ಹೊಲಿಗೆ ಸೂಜಿ ಮಲಗಿಸಿ. ಕಾಗದ ನೆನೆದು ಮುಳುಗುತ್ತದೆ, ಸೂಜಿ ನೀರಿನ ಮೇಲೆ ನಿಲ್ಲುತ್ತದೆ. ನೀರಿನ ಅಣುಗಳು ಒಂದನ್ನೊಂದು ಎಳೆದುಕೊಂಡು ಮೇಲ್ಮೈಯನ್ನು ಬಿಗಿದ ಚರ್ಮದಂತೆ ಮಾಡಿರುತ್ತವೆ. ಇದೇ ಮೇಲ್ಮೈ ಎಳೆತ. ಈಗ ಅಂಚಿನಲ್ಲಿ ಒಂದು ಹನಿ ಸಾಬೂನು ನೀರು ಬಿಡಿ. ಸೂಜಿ ಥಟ್ಟನೆ ಮುಳುಗುತ್ತದೆ. ಸಾಬೂನಿಲ್ಲದ ಲೋಟದಲ್ಲಿ ಹಗುರವಾದ ನೊಣ ನೀರಿನ ಮೇಲೆ ನಿಂತು, ಕುಡಿದು, ಹಾರಿಹೋಗುತ್ತದೆ. ಸಾಬೂನು ಬಿದ್ದ ಲೋಟದಲ್ಲಿ ಅದಕ್ಕೆ ನಿಲ್ಲಲು ನೆಲೆಯಿಲ್ಲ.

ಈ ಲೋಟವನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ತೊಳೆದು ಹೊಸದಾಗಿ ಮಾಡಬೇಕು. ವಾರಗಟ್ಟಲೆ ಬಿಟ್ಟರೆ ಅಂಚಿನಲ್ಲಿ ಅಂಟಿದ ಹಣ್ಣಿನ ಚೂರೇ ಮೊಟ್ಟೆಯಿಡುವ ತಾಣವಾದೀತು.

ಬಚ್ಚಲಿಗೆ ಮತ್ತು ಕುಂಡಕ್ಕೆ ಬೇರೆ ಉಪಾಯ

ಬಚ್ಚಲ ನೊಣಕ್ಕೆ ಬೆಲ್ಲದ ಆಸೆಯಿಲ್ಲ. ರಾತ್ರಿ ಮಲಗುವ ಮುನ್ನ ಮೋರಿಯ ಬಾಯಿಯ ಸುತ್ತ ಒರೆಸಿ ಒಣಗಿಸಿ, ಒಳಭಾಗಕ್ಕೆ ಎಣ್ಣೆ ಸವರಿದ ಗಾಜಿನ ಬಟ್ಟಲನ್ನು ಅದರ ಮೇಲೆ ಬೋರಲು ಹಾಕಿ. ಬೆಳಿಗ್ಗೆ ಎಣ್ಣೆಗೆ ನೊಣಗಳು ಅಂಟಿದ್ದರೆ ಅವು ಅದೇ ಮೋರಿಯಿಂದ ಹುಟ್ಟಿ ಬರುತ್ತಿವೆ ಎಂದರ್ಥ. ಒಂದು ರಾತ್ರಿ ಏನೂ ಸಿಗದಿದ್ದರೆ ಇನ್ನೂ ಮೂರ್ನಾಲ್ಕು ರಾತ್ರಿ ನೋಡಿ. ಇವುಗಳ ಮರಿಹುಳುಗಳು ಕೊಳವೆಯ ಒಳಗೋಡೆಗೆ ಅಂಟಿದ ಲೋಳೆಯಲ್ಲಿ ಬೆಳೆಯುತ್ತವೆ. ಬಿಸಿನೀರು, ಫಿನಾಯಿಲ್ ಆ ಲೋಳೆಯ ಮೇಲೆ ಹರಿದು ಹೋಗುತ್ತವೆಯೇ ಹೊರತು ಅದನ್ನು ಕೀಳುವುದಿಲ್ಲ. ಉದ್ದ ಹಿಡಿಕೆಯ ಬ್ರಶ್‌ನಿಂದ ಉಜ್ಜಿ ಲೋಳೆ ಕಿತ್ತು ನೀರು ಬಿಡುವುದೇ ನಿಜವಾದ ಮದ್ದು. 2019ರಲ್ಲಿ ಕೃಷ್ಣೆ, ದೂಧಗಂಗೆ ಉಕ್ಕಿದಂತೆ ನೆರೆ ಬಂದು ಹೋದ ಮನೆಗಳಲ್ಲಿ ಗಟಾರದೊಳಗೆ ಕೆಸರು ಕಟ್ಟಿಕೊಂಡಿರುತ್ತದೆ. ಅಲ್ಲಿ ಈ ಕೆಲಸ ಮೊದಲು ಆಗಬೇಕು.

ಕುಂಡದ ನೊರಜಿಗೆ ಹಳದಿ ಬಣ್ಣವೆಂದರೆ ಸೆಳೆತ. ಹಳದಿ ರಟ್ಟಿನ ಚೂರಿಗೆ ಔಡಲ ಎಣ್ಣೆ ದಪ್ಪಗೆ ಸವರಿ ಕಡ್ಡಿಗೆ ಸಿಕ್ಕಿಸಿ ಕುಂಡದಲ್ಲಿ ನೆಡಿ. ದ್ರಾಕ್ಷಿ, ತರಕಾರಿ ಬೆಳೆಯುವ ರೈತರು ಹೊಲದಲ್ಲಿ ತೂಗುಹಾಕುವ ಹಳದಿ ಅಂಟು ಹಾಳೆಯ ತತ್ವವೂ ಇದೇ. ಮಣ್ಣಿನಲ್ಲಿ ಮರಿಹುಳು ಇದೆಯೇ ಎಂದು ತಿಳಿಯಲು ಹಸಿ ಬಟಾಟೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲೆ ಒತ್ತಿಡಿ. ಎರಡು ಮೂರು ದಿನ ಬಿಟ್ಟು ತಿರುವಿ ನೋಡಿದರೆ ಬಿಳಿ ಮೈ, ಕಪ್ಪು ತಲೆಯ ಹುಳುಗಳು ಕಾಣಬಹುದು. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆಯೇ ನೀರು ಹಾಕುವ ಅಭ್ಯಾಸ ಮಾಡಿಕೊಂಡರೆ ಇವು ತಾವಾಗಿ ಕಡಿಮೆಯಾಗುತ್ತವೆ.

ಬಲೆಯೊಂದೇ ಸಾಲದು: ಒಂದು ಲೆಕ್ಕ

ಹೆಣ್ಣು ಡ್ರೊಸೋಫಿಲಾ ತನ್ನ ಜೀವಮಾನದಲ್ಲಿ ಸುಮಾರು 400 ಮೊಟ್ಟೆಗಳನ್ನು ಇಡಬಲ್ಲದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯಿಂದ ಹಾರುವ ನೊಣವಾಗಲು ಹತ್ತೇ ದಿನ ಸಾಕು. ಈಗ ಲೆಕ್ಕ ಹಾಕೋಣ. 400ರಲ್ಲಿ 100 ಮಾತ್ರ ಬದುಕಿದವು ಎಂದಿಟ್ಟುಕೊಳ್ಳಿ. ನಿಮ್ಮ ಬಲೆ ಬಹಳ ಚೆನ್ನಾಗಿದ್ದು 90ನ್ನು ಹಿಡಿಯಿತು. ಉಳಿದದ್ದು 10, ಅದರಲ್ಲಿ ಹೆಣ್ಣು 5. ಒಂದೊಂದರಿಂದ ಮತ್ತೆ 100ರಂತೆ ಮುಂದಿನ ಸರದಿಗೆ 500! ನೂರಕ್ಕೆ ತೊಂಬತ್ತು ಅಂಕ ಪಡೆದ ಬಲೆಯೂ ಇಲ್ಲಿ ನಪಾಸಾಯಿತು.

ಹಾಗಾದರೆ ಬಲೆ ಏಕೆ ಬೇಕು? ಮೂಲವನ್ನು ತೋರಿಸಲು ಬೇಕು. ಒಂದೇ ಅಳತೆಯ ಮೂರು ಬೆಲ್ಲದ ಲೋಟಗಳನ್ನು ಒಂದೇ ರಾತ್ರಿ ಅಡುಗೆಮನೆ, ಉಳ್ಳಾಗಡ್ಡಿ ಚೀಲದ ಹತ್ತಿರ ಮತ್ತು ಎಮ್ಮೆಗೆಂದು ಮುಸುರಿ ತುಂಬಿಡುವ ಬಕೆಟ್ಟಿನ ಹತ್ತಿರ ಇಡಿ. ಮರುದಿನ ಬಿದ್ದ ನೊಣಗಳನ್ನು ಎಣಿಸಿ. ಹೆಚ್ಚು ಬಿದ್ದ ಕಡೆ ಮೂಲ ಹತ್ತಿರದಲ್ಲಿದೆ. ಚೀಲದ ತಳದಲ್ಲಿ ಕೊಳೆತ ಒಂದೇ ಉಳ್ಳಾಗಡ್ಡಿ, ಫ್ರಿಜ್ಜಿನ ಹಿಂದೆ ಉರುಳಿದ ಚಿಕ್ಕುಹಣ್ಣು, ಹಸಿಯಾಗಿ ಮುದ್ದೆಯಾದ ಒರೆಸುವ ಅರಿವೆ, ಮೂರು ದಿನ ತೊಳೆಯದ ಮುಸುರಿ ಬಕೆಟ್ಟು: ಇವುಗಳಲ್ಲಿ ಯಾವುದೋ ಒಂದು ಸಿಕ್ಕೇ ಸಿಗುತ್ತದೆ. ಅದನ್ನು ತೆಗೆದು, ಜಾಗ ತೊಳೆದು, ಬಲೆಯನ್ನು ಇನ್ನೂ ಎರಡು ವಾರ ಇಡಿ. ಏಕೆ ಎರಡು ವಾರ? ಆಗಲೇ ಕೋಶದೊಳಗಿರುವ ನೊಣಗಳು ಹೊರಬಂದು ಮುಗಿಯಲು ಅಷ್ಟು ದಿನ ಬೇಕು. ಮೂರನೆಯ ದಿನ “ಉಪಯೋಗವಿಲ್ಲ” ಎಂದು ಕೈಬಿಡುವವರೇ ಹೆಚ್ಚು. ಅವರು ಈ ಹತ್ತು ದಿನದ ಲೆಕ್ಕ ಮರೆತಿರುತ್ತಾರೆ.

ಪಾಲಕರಿಗೆ ಒಂದು ಮಾತು

ನಮ್ಮದು ಕಬ್ಬು, ದ್ರಾಕ್ಷಿ, ತಂಬಾಕಿನ ಸೀಮೆ. ಹೊಲಕ್ಕೆಂದು ತಂದ ಔಷಧಿ ಮನೆಯ ಮೂಲೆಯಲ್ಲೇ ಇರುತ್ತದೆ. ನೊರಜು ಹೆಚ್ಚಾದಾಗ “ಇದನ್ನೇ ನಾಲ್ಕು ಹನಿ ಹೊಡೆದರಾಯಿತು” ಎಂದು ಕೈ ಅದರತ್ತ ಹೋಗುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಹೊಲದ ಕೀಟನಾಶಕಗಳಲ್ಲಿ ಹಲವು ನೊಣದ ನರಮಂಡಲವನ್ನು ಕೆಡಿಸುವ ದಾರಿಯಲ್ಲೇ ಮನುಷ್ಯನ ನರಮಂಡಲವನ್ನೂ ಕೆಡಿಸುತ್ತವೆ. ಮುಚ್ಚಿದ ಅಡುಗೆಮನೆಯಲ್ಲಿ ಅದರ ಹಬೆ, ರೊಟ್ಟಿಯ ಬುಟ್ಟಿಯ ಮೇಲೆ ಬಿದ್ದ ಹನಿ ಮೊದಲು ತಾಗುವುದು ಮಕ್ಕಳಿಗೆ. ಡೈಕ್ಲೋರ್ವಾಸ್, ಫೋರೇಟ್‌ನಂಥ ಕೆಲವನ್ನು ಕೇಂದ್ರ ಸರ್ಕಾರ 2018ರ ಆದೇಶದ ಮೂಲಕ 2020ರ ಡಿಸೆಂಬರ್ 31ರಿಂದ ಹೊಲದ ಬಳಕೆಗೂ ನಿಷೇಧಿಸಿದೆ. ಹೊಲದಲ್ಲೇ ಬೇಡವಾದದ್ದು ಒಲೆಯ ಪಕ್ಕದಲ್ಲಿ ಏಕೆ?

ಇನ್ನೆರಡು ಎಚ್ಚರಿಕೆ. ಔಷಧಿಯ ಖಾಲಿ ಡಬ್ಬಿಯನ್ನು ತೊಳೆದು ಬಲೆ ಮಾಡಬಾರದು. ತೊಳೆದರೂ ವಿಷದ ಅಂಶ ಉಳಿಯುತ್ತದೆ. ತಂಪು ಪಾನೀಯದ ಬಾಟಲಿಯಲ್ಲಿ ಔಷಧಿ ತುಂಬಿಡುವುದಂತೂ ಬೇಡವೇ ಬೇಡ. ಬಾಯಾರಿದ ಮಗು ಚೀಟಿ ಓದುವುದಿಲ್ಲ, ಬಾಟಲಿಯ ಆಕಾರ ನೋಡುತ್ತದೆ. ಬೆಲ್ಲದ ಬಲೆಯ ಲೋಟವನ್ನೂ ಸಣ್ಣ ಮಕ್ಕಳ ಕೈಗೆ ಎಟುಕದಂತೆ ಇಡಿ. ಯಾರಾದರೂ ಕೀಟನಾಶಕ ಕುಡಿದರೆಂಬ ಸಂಶಯ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಆ ಡಬ್ಬಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು.

ಈ ವಾರದ ಪ್ರಯೋಗ

ವಿದ್ಯಾರ್ಥಿ ಮಿತ್ರರೇ, ರೆಡಿಯ ಪ್ರಯೋಗವನ್ನು ಮನೆಯಲ್ಲೇ ಮಾಡಿ ನೋಡಿ. ಮೂರು ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಸಂತೆಯಿಂದ ತಂದ ಕಳಿತ ಬಾಳೆಹಣ್ಣಿನ ತುಂಡನ್ನು ಸಿಪ್ಪೆ ಸಮೇತ ಹಾಕಿ ಒಂದು ದಿನ ತೆರೆದಿಟ್ಟು, ಆಮೇಲೆ ತೆಳು ಬಟ್ಟೆ ಕಟ್ಟಿ. ಎರಡನೆಯದರಲ್ಲಿ ಅದೇ ಹಣ್ಣಿನ ತುಂಡು ಹಾಕಿ ಕೂಡಲೇ ಬಟ್ಟೆ ಕಟ್ಟಿ. ಮೂರನೆಯದರಲ್ಲಿ ಹಾಕುವ ತುಂಡನ್ನು ಸಿಪ್ಪೆ ಸಮೇತ ಐದು ನಿಮಿಷ ಕುದಿಸಿ, ಆರುವಾಗಲೂ ಮುಚ್ಚಿಟ್ಟು, ಹಾಕಿ ಬಟ್ಟೆ ಕಟ್ಟಿ. ಹದಿನೈದು ದಿನ ದಿನವೂ ನೋಡಿ ಬರೆದಿಡಿ.

ಎರಡನೆಯ ಬಾಟಲಿಯಲ್ಲೂ ನೊಣ ಕಾಣಿಸಿಕೊಂಡರೆ ಗಾಬರಿಯಾಗಬೇಡಿ, ರೆಡಿ ತಪ್ಪು ಹೇಳಿದ ಎಂದೂ ತಿಳಿಯಬೇಡಿ. ಆ ಮೊಟ್ಟೆಗಳು ಸಂತೆಯಿಂದಲೇ ಹಣ್ಣಿನ ಜೊತೆ ಬಂದಿವೆ, ಅಷ್ಟೇ. ಕುದಿಸಿದ ಮೂರನೆಯ ಬಾಟಲಿಯಲ್ಲಿ ಏನಾಯಿತೆಂಬುದನ್ನು ಅದರೊಂದಿಗೆ ಹೋಲಿಸಿ. ಹಣ್ಣು ತಂದ ದಿನವೇ ತೊಳೆದು ಒರೆಸಿ ಮುಚ್ಚಿಡಬೇಕು ಎಂದು ಮನೆಯವರಿಗೆ ಹೇಳಲು ನಿಮ್ಮ ಬಳಿ ಆಗ ಪುರಾವೆಯೇ ಇರುತ್ತದೆ. ಪ್ರಯೋಗ ಮುಗಿದ ಮೇಲೆ ಬಾಟಲಿಗಳನ್ನು ಬಿಚ್ಚದೆ ಬಿಸಿಲಿನಲ್ಲಿ ಒಂದು ದಿನ ಇಟ್ಟು, ಒಳಗಿನದನ್ನು ಹೊರಗೆ ಮಣ್ಣಿನಲ್ಲಿ ಹೂತುಬಿಡಿ. ಇಲ್ಲದಿದ್ದರೆ ವಿಜ್ಞಾನದ ಹೆಸರಿನಲ್ಲಿ ಮನೆ ತುಂಬ ನೊರಜು ಬಿಟ್ಟ ಕೀರ್ತಿ ನಿಮ್ಮದಾದೀತು!