ಅಳಿಸಿದ್ದು ಈಗ ಅಳಿಯುತ್ತದೆ

ಬೇಕಾದ ಫೈಲೊಂದು ಕೈತಪ್ಪಿ ಡಿಲೀಟ್ ಆಯಿತೆಂದು ಮನೆಯಲ್ಲಿ ಯಾರಾದರೂ ಗಾಬರಿಯಾದಾಗ, ಕಂಪ್ಯೂಟರ್ ಬಲ್ಲ ನೆಂಟರೋ ಸ್ನೇಹಿತರೋ ಹೇಳುವ ಸಮಾಧಾನದ ಮಾತೊಂದಿದೆ: ‘ಹೆದರಬೇಡಿ, ಡಿಲೀಟ್ ಮಾಡಿದ್ದು ಎಲ್ಲೂ ಹೋಗಿರಲ್ಲ. ಒಳಗೇ ಇರುತ್ತೆ. ರಿಕವರಿ ಸಾಫ್ಟ್‌ವೇರ್ ಹಾಕಿದರೆ ವಾಪಸ್ ಬರುತ್ತೆ.’ ಈ ಮಾತಿನಲ್ಲಿ ಕಪಟವಿಲ್ಲ. ಹೇಳುವವರ ಬೆನ್ನಿಗೆ ಸ್ವಂತ ಅನುಭವವೂ ಇರುತ್ತದೆ. ಆದರೂ ಈಚೆಗೆ ಕೊಂಡ ಲ್ಯಾಪ್‌ಟಾಪುಗಳ ಮಟ್ಟಿಗೆ ಅದು ಬಹುಪಾಲು ನಿಜವಲ್ಲ ಎಂಬುದು ನನ್ನ ತಕರಾರು. ಅವರು ಪಾಠ ಕಲಿತ ಯಂತ್ರ ಬೇರೆ, ಇಂದು ನಮ್ಮ ಮೇಜಿನ ಮೇಲಿರುವುದು ಬೇರೆ.

ಮೊದಲು ಅವರ ಪರವಾಗಿಯೇ ಮಾತಾಡೋಣ. ಡಾಸ್ ಕಾಲದ ಡಿಸ್ಕಿನಲ್ಲಿ ಫೈಲು ಅಳಿಸುವುದೆಂದರೆ ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಹಾಕುವುದು, ಫೈಲು ಕೂತಿದ್ದ ಜಾಗ ಖಾಲಿಯಿದೆ ಎಂದು ಬರೆದುಕೊಳ್ಳುವುದು, ಅಷ್ಟೆ. ಒಳಗಿನ ವಿಷಯವನ್ನು ಯಾರೂ ಮುಟ್ಟುತ್ತಿರಲಿಲ್ಲ. ಪೀಟರ್ ನಾರ್ಟನ್ 1982ರಲ್ಲಿ ಹೊರತಂದ ಸಲಕರಣೆಗಳ ಪೈಕಿ ಹೆಸರು ಮಾಡಿದ್ದು ಅಳಿಸಿದ್ದನ್ನು ಮರಳಿ ತರುವ ‘ಅನ್‌ಇರೇಸ್’. 1991ರ ಎಂಎಸ್-ಡಾಸ್ 5ರಲ್ಲಿ ಮೈಕ್ರೋಸಾಫ್ಟ್ ತಾನೇ ‘ಅನ್‌ಡಿಲೀಟ್’ ಎಂಬ ಆಜ್ಞೆಯನ್ನು ಸೇರಿಸಿತು. ಅದು ಫೈಲನ್ನು ಪತ್ತೆಹಚ್ಚಿ, ‘ಹೆಸರಿನ ಮೊದಲ ಅಕ್ಷರ ಯಾವುದು’ ಎಂದು ನಮ್ಮನ್ನೇ ಕೇಳುತ್ತಿತ್ತು. ಹೆಸರಿನಲ್ಲಿ ಕಳೆದುಹೋದದ್ದು ಆ ಒಂದಕ್ಷರ ಮಾತ್ರ. ಮುಂದೆ ವಿಂಡೋಸ್‌ಗೆ ಎನ್‌ಟಿಎಫ್‌ಎಸ್ ಎಂಬ ಫೈಲು ವ್ಯವಸ್ಥೆ ಬಂದಾಗಲೂ ಈ ಸೋಮಾರಿ ಪದ್ಧತಿ ಬದಲಾಗಲಿಲ್ಲ. ಫೈಲಿನ ದಾಖಲೆಯಲ್ಲಿ ‘ಬಳಕೆಯಲ್ಲಿಲ್ಲ’ ಎಂಬ ಗುರುತು ಬೀಳುತ್ತಿತ್ತು, ವಿಷಯ ಇದ್ದಲ್ಲೇ ಇರುತ್ತಿತ್ತು. ಇನ್ನೊಂದು ಫೈಲು ಬಂದು ಆ ಜಾಗದಲ್ಲಿ ಕೂರುವವರೆಗೆ ಆಸೆಗೆ ಎಡೆಯಿತ್ತು. ‘ಗ್ರಂಥಾಲಯದಲ್ಲಿ ಸೂಚಿ ಕಾರ್ಡು ಹರಿದರೂ ಪುಸ್ತಕ ಕಪಾಟಿನಲ್ಲೇ ಇರುತ್ತದೆ’ ಎಂಬ, ಎಲ್ಲರೂ ಕೊಡುವ ಉಪಮೆ ಇಂಥ ಡಿಸ್ಕುಗಳಿಗೆ ಚೆನ್ನಾಗಿಯೇ ಒಪ್ಪುತ್ತದೆ.

ತೊಂದರೆಯೆಂದರೆ, ಈಗಿನ ಗ್ರಂಥಾಲಯದಲ್ಲಿ ಕಾರ್ಡು ಹರಿದ ಕೂಡಲೇ ಪುಸ್ತಕವನ್ನು ರದ್ದಿಗೆ ಕಳಿಸುವ ಸಿಬ್ಬಂದಿಯೊಬ್ಬ ಇದ್ದಾನೆ. ಅವನ ಹೆಸರು ಟ್ರಿಮ್.

ಹಾರ್ಡ್ ಡಿಸ್ಕಿನ ಜಾಗಕ್ಕೆ ಬಂದ ಎಸ್‌ಎಸ್‌ಡಿಯೊಳಗೆ ತಿರುಗುವ ತಟ್ಟೆಯಿಲ್ಲ, ಫ್ಲ್ಯಾಶ್ ಮೆಮೊರಿಯ ಚಿಪ್ಪುಗಳಿವೆ. ಈ ಮೆಮೊರಿಯಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು, ಆಮೇಲೆ ಬರೆಯಬೇಕು. ಅದರಲ್ಲೂ ಬರೆಯುವುದು ಕೆಲವೇ ಕಿಲೋಬೈಟಿನ ಪುಟಗಳಲ್ಲಿ, ಅಳಿಸುವುದು ನೂರಾರು ಪುಟ ಸೇರಿದ ಇಡೀ ಬ್ಲಾಕಿನಲ್ಲಿ. ನಾವು ‘ಸೇವ್’ ಒತ್ತಿದ ಮೇಲೆ ಜಾಗ ತೆರವು ಮಾಡಲು ಹೊರಟರೆ ಯಂತ್ರ ತಡವರಿಸುತ್ತದೆ. ಹಾಗಾಗಿ ಯಾವ ಪುಟ ಯಾರಿಗೂ ಬೇಡವಾಗಿದೆ ಎಂಬುದು ಡ್ರೈವಿಗೆ ಮುಂಚೆಯೇ ತಿಳಿದಿರಬೇಕು. ಅದನ್ನು ತಿಳಿಸುವ ಆಜ್ಞೆಯೇ ಟ್ರಿಮ್. 2009ರ ವಿಂಡೋಸ್ 7ರಲ್ಲಿ ಅದು ಬಂತು, ಮರುವರ್ಷ ಲಿನಕ್ಸಿಗೆ, 2011ರಲ್ಲಿ ಮ್ಯಾಕ್‌ಗೆ. ರೀಸೈಕಲ್ ಬಿನ್ ಖಾಲಿ ಮಾಡಿದ ಒಡನೆ ವಿಂಡೋಸ್ ಡ್ರೈವಿಗೆ ಸುದ್ದಿ ಮುಟ್ಟಿಸುತ್ತದೆ. ಮುಟ್ಟಿಸಿದ ಮೇಲೆ ಆ ಜಾಗದಲ್ಲಿ ಏನಿದೆಯೆಂದು ಕೇಳಿದರೆ ಬಹುತೇಕ ಡ್ರೈವುಗಳು ಕೊಡುವ ಉತ್ತರ ಬರೀ ಸೊನ್ನೆಗಳು. ಚಿಪ್ಪಿನ ಒಡಲಲ್ಲಿ ಹಳೆಯದು ಇನ್ನಷ್ಟು ಹೊತ್ತು ಉಳಿದಿದ್ದರೂ ಮನೆಯಲ್ಲಿ ಕೂತು ಅದನ್ನು ತಲುಪುವ ದಾರಿಯಿಲ್ಲ. (ಉಬುಂಟು ಬಳಸುವವರಿಗೆ ಕೊಂಚ ಬಿಡುವು ಸಿಗುತ್ತದೆ, ಅಲ್ಲಿ ಈ ಕೆಲಸ ಸಾಮಾನ್ಯವಾಗಿ ವಾರಕ್ಕೊಮ್ಮೆ ನಡೆಯುತ್ತದೆ.)

‘ಆದರೆ ಸಾಫ್ಟ್‌ವೇರ್ ತೋರಿಸಿತಲ್ಲ! ಫೈಲಿನ ಹೆಸರು, ತಾರೀಕು, ಸೈಜು ಎಲ್ಲ ಸರಿಯಾಗಿದೆ, ಸ್ಥಿತಿ ಅತ್ಯುತ್ತಮ ಎಂದಿದೆ’ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಅವರು ಕಂಡದ್ದು ನಿಜವೇ. ಟ್ರಿಮ್ ತೆರವು ಮಾಡುವುದು ಫೈಲಿನ ವಿಷಯವಿದ್ದ ಜಾಗವನ್ನು. ಹೆಸರು, ತಾರೀಕುಗಳಿರುವ ದಾಖಲೆ ಬೇರೆಡೆ, ವಿಂಡೋಸಿನ ಮುಖ್ಯ ಪಟ್ಟಿಯಲ್ಲಿ ಇರುತ್ತದೆ. ಅದು ಎಷ್ಟೋ ದಿನ ಹಾಗೇ ಉಳಿಯುತ್ತದೆ. ಬೇರೆ ಯಾವ ಫೈಲೂ ಆ ಜಾಗವನ್ನು ಆಕ್ರಮಿಸಿಲ್ಲ ಎಂಬುದನ್ನಷ್ಟೇ ನೋಡಿ ಸಾಫ್ಟ್‌ವೇರು ‘ಅತ್ಯುತ್ತಮ’ ಎಂದುಬಿಡುತ್ತದೆ. ಹುಡುಕುವುದು ಪುಕ್ಕಟೆ, ಮರಳಿ ಪಡೆಯಲು ದುಡ್ಡು, ಈ ವ್ಯಾಪಾರದ ರೀತಿಯೇ ಹಾಗೆ. ದುಡ್ಡು ಕೊಟ್ಟು ಪಡೆದ ಫೋಟೊ ತೆರೆದರೆ ಏನೂ ಕಾಣದು: ಮೂರು ಮೆಗಾಬೈಟಿನ ಫೈಲಿನಲ್ಲಿ ಮೂರು ಮೆಗಾಬೈಟ್ ಸೊನ್ನೆ. ಹೀಗಾಗಿ, ಮುನ್ನೋಟದಲ್ಲಿ ಚಿತ್ರ ಮೂಡದಿದ್ದರೆ ಪರ್ಸು ತೆಗೆಯಬೇಡಿ.

ಇದಕ್ಕೊಂದು ತಮಾಷೆಯ ಅಪವಾದವಿದೆ. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿನ ದಾಖಲೆಗೂ ಸಾಮಾನ್ಯವಾಗಿ 1,024 ಬೈಟು ಮೀಸಲು. ಫೈಲು ತೀರ ಚಿಕ್ಕದಾಗಿದ್ದರೆ, ಅಂದರೆ ಸುಮಾರು 700 ಬೈಟಿನೊಳಗಿದ್ದರೆ, ಅದಕ್ಕೆ ಬೇರೆ ಜಾಗ ಕೊಡದೆ ವಿಂಡೋಸ್ ಆ ದಾಖಲೆಯೊಳಗೇ ತುರುಕಿಬಿಡುತ್ತದೆ. ಟ್ರಿಮ್ ಅಲ್ಲಿಗೆ ಕೈಹಾಕುವುದಿಲ್ಲ. ಮಗಳ ಮದುವೆಯ ಆಲ್ಬಮ್ಮು ಹೋದರೂ ನೋಟ್‌ಪ್ಯಾಡಿನಲ್ಲಿ ಬರೆದಿಟ್ಟ ದಿನಸಿ ಪಟ್ಟಿ ಮರಳಿ ಸಿಕ್ಕೀತು! ಅದೂ ಇಂಗ್ಲಿಷಿನಲ್ಲಿ ಬರೆದರೆ ಹೆಚ್ಚು ಹಿಡಿಸುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಸ್ವರ, ವ್ಯಂಜನ, ಕಾಗುಣಿತ ಚಿಹ್ನೆಗೂ ಮೂರು ಮೂರು ಬೈಟು ಬೇಕು. ನಮ್ಮ ಪಟ್ಟಿ ಉಪ್ಪು, ಹುಣಸೆಹಣ್ಣು ದಾಟಿ ಬಹಳ ದೂರ ಹೋಗುವಂತಿಲ್ಲ.

ಇನ್ನು ಪತ್ರಿಕೆಗಳು ಗಟ್ಟಿಮಾಡಿದ ನಂಬಿಕೆ. ಆರೋಪಿಯ ಫೋನು ವಶಪಡಿಸಿಕೊಂಡು, ಅಳಿಸಿದ್ದ ಸಂದೇಶಗಳನ್ನು ತಜ್ಞರು ಹೊರತೆಗೆದರು ಎಂಬ ಸುದ್ದಿ ಓದಿದಾಗಲೆಲ್ಲ ‘ನೋಡಿ, ಏನೂ ಅಳಿಯುವುದಿಲ್ಲ’ ಎನ್ನುತ್ತೇವೆ. ಆದರೆ ಚಾಟಿನ ಸಂದೇಶ ಸ್ವತಂತ್ರ ಫೈಲಲ್ಲ. ಅದು ದೊಡ್ಡ ಡೇಟಾಬೇಸಿನ ಒಂದು ಸಾಲು. ಸಾಲನ್ನು ಅಳಿಸಿದರೂ ಡೇಟಾಬೇಸ್ ಫೈಲು ಜೀವಂತವಾಗಿಯೇ ಇರುವುದರಿಂದ ಟ್ರಿಮ್‌ಗೆ ಅಲ್ಲಿ ಕೆಲಸವಿಲ್ಲ; ಸಾಲಿನ ಅವಶೇಷ ಒಳಗೆ ಉಳಿಯಬಹುದು. ಅದಕ್ಕಿಂತ ಮುಖ್ಯವಾಗಿ ಸಂದೇಶಕ್ಕೆ ಇನ್ನೊಂದು ತುದಿಯಿದೆ: ಪಡೆದವರ ಫೋನು, ಕ್ಲೌಡ್ ಬ್ಯಾಕಪ್ಪು. ಪೊಲೀಸರಿಗೆ ಅವನ್ನು ಕೇಳುವ ಅಧಿಕಾರವಿದೆ. ನಮ್ಮ ಮನೆಯ ಡಿ ಡ್ರೈವಿನ ಫೋಟೊಗಳಿಗೆ ಇವ್ಯಾವುವೂ ಅನ್ವಯಿಸುವುದಿಲ್ಲ.

ಹಳೆಯ ಮಾತು ಈಗಲೂ ನಿಲ್ಲುವ ಕಡೆಗಳಿವೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡು, ಪೆನ್‌ಡ್ರೈವು, ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಟ್ರಿಮ್ ನಡೆಯುವುದಿಲ್ಲ. (ಹೊಸ ಹಾರ್ಡ್ ಡಿಸ್ಕುಗಳಲ್ಲಿ ಕೆಲವಕ್ಕೆ ಅದೂ ಬಂದಿದೆ.) ನಿಮ್ಮದು ಯಾವುದೆಂದು ತಿಳಿಯಲು ವಿಂಡೋಸ್ 10ರಿಂದೀಚೆಗೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟ ನೋಡಿದರೆ ಸಾಕು, ಡಿಸ್ಕಿನ ಕೆಳಗೇ ಬರೆದಿರುತ್ತದೆ. ಹಾರ್ಡ್ ಡಿಸ್ಕು, ಕಾರ್ಡುಗಳಾದರೆ ತಕ್ಷಣ ಬಳಕೆ ನಿಲ್ಲಿಸಿ ಎಂಬ ಬುದ್ಧಿವಾದಕ್ಕೆ ಪೂರ್ಣ ಅರ್ಥವಿದೆ. ವಿಚಿತ್ರವೆಂದರೆ, ಹಾಗೆ ಹೇಳುವವರೇ ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳುತ್ತಾರೆ. ಇಳಿದ ಸಾಫ್ಟ್‌ವೇರು ಕಳೆದ ಫೈಲಿನ ಮೇಲೆಯೇ ಕೂತಿರುವುದಕ್ಕೆ ಏನಡ್ಡಿ? ಮೈಕ್ರೋಸಾಫ್ಟ್ 2020ರಲ್ಲಿ ಉಚಿತವಾಗಿ ಕೊಟ್ಟ ವಿಂಡೋಸ್ ಫೈಲ್ ರಿಕವರಿ, ಸಿಕ್ಕ ಫೈಲುಗಳನ್ನು ಬೇರೆ ಡ್ರೈವಿಗೇ ಹಾಕಬೇಕೆಂದು ಹಟ ಹಿಡಿಯುವುದು ಈ ಕಾರಣಕ್ಕೆ.

ಫೋಟೊರೆಕ್ ಎಂಬ ಉಚಿತ ಸಾಧನ ಇನ್ನೂ ಆಳಕ್ಕಿಳಿಯುತ್ತದೆ. ಅದು ಪಟ್ಟಿಯನ್ನು ನಂಬುವುದೇ ಇಲ್ಲ. ಡಿಸ್ಕನ್ನು ಉದ್ದಕ್ಕೂ ಓದುತ್ತ, ಜೆಪಿಇಜಿ ಚಿತ್ರ ಹೇಗೆ ಶುರುವಾಗುತ್ತದೆ, ವರ್ಡ್ ಫೈಲು ಹೇಗೆ ಶುರುವಾಗುತ್ತದೆ ಎಂಬ ಆರಂಭದ ಗುರುತುಗಳಿಂದ ಫೈಲುಗಳನ್ನು ಅಗೆದು ತೆಗೆಯುತ್ತದೆ. ಹೆಸರುಗಳು ಮಾತ್ರ ಬರುವುದಿಲ್ಲ, ಅಂಕಿಗಳ ಹೆಸರಿನ ಸಾವಿರಾರು ಫೈಲು ಎದುರಿಗೆ ಬಂದು ಬೀಳುತ್ತವೆ. ಇಲ್ಲಿ ಕನ್ನಡಿಗರಿಗೇ ಮೀಸಲಾದ ಒಂದು ಪೇಚಿದೆ. ಯುನಿಕೋಡ್ ಬಳಕೆಗೆ ಬರುವ ಮುನ್ನ, ಎಷ್ಟೋ ಕಡೆ ಬಂದ ಮೇಲೂ, ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಥೆ, ಪ್ರಬಂಧ, ಸಂಘದ ವರದಿಗಳು ಫೈಲಿನೊಳಗೆ ಕನ್ನಡವಾಗಿ ಕೂತಿಲ್ಲ. ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳಾಗಿ ಕೂತಿವೆ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟಿರುವುದಿಲ್ಲ. ಮರಳಿ ಸಿಕ್ಕ ಫೈಲು ತೆರೆದರೆ ತಲೆಬುಡವಿಲ್ಲದ ಅಕ್ಷರಗಳ ಸಂತೆ. ‘ಕರಪ್ಟ್ ಆಗಿದೆ’ ಎಂದು ಅದನ್ನು ಎರಡನೆಯ ಬಾರಿ ಡಿಲೀಟ್ ಮಾಡುವವರಿದ್ದಾರೆ, ಈ ಸಲ ಕೈತಪ್ಪಿ ಅಲ್ಲ, ಉದ್ದೇಶಪೂರ್ವಕವಾಗಿ. ಕನ್ನಡ ಪದ ಹಾಕಿ ಹುಡುಕಿದರೂ ಅಂಥ ಫೈಲು ಓಗೊಡುವುದಿಲ್ಲ. ಫಾಂಟು ಅಳವಡಿಸಿ, ಇಲ್ಲವೇ ಯುನಿಕೋಡ್ ಪರಿವರ್ತಕಕ್ಕೆ ಹಾಕಿ ನೋಡದೆ ಯಾವ ಕನ್ನಡ ಫೈಲಿಗೂ ಮರಣಪತ್ರ ಬರೆಯಬಾರದು.

ಎಸ್‌ಎಸ್‌ಡಿ ಇರುವವರು ಮತ್ತೆಲ್ಲಿ ಹುಡುಕಬೇಕು? ನನ್ನ ಪ್ರಕಾರ ಡ್ರೈವಿನ ಆಳದಲ್ಲಿ ಅಲ್ಲ, ಅಗಲದಲ್ಲಿ. ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ 2’ ತಯಾರಿಸುತ್ತಿದ್ದಾಗ, 1998ರಲ್ಲಿ, ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಫೈಲುಗಳು ಕಣ್ಣೆದುರೇ ಮಾಯವಾಗತೊಡಗಿದವು. ಬ್ಯಾಕಪ್ ನೋಡಿದರೆ ಅದೂ ಕೆಟ್ಟಿತ್ತು. ಕೊನೆಗೆ ಚಿತ್ರವನ್ನು ಉಳಿಸಿದ್ದು ಚಿತ್ರತಂಡದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರು. ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡಲೆಂದು ಅವರು ಅಲ್ಲೊಂದು ಪ್ರತಿ ಇಟ್ಟುಕೊಂಡಿದ್ದರು. ಇದನ್ನು ಎಲ್ಲರೂ ಬ್ಯಾಕಪ್ಪಿನ ಮಹಿಮೆಗೆ ದೃಷ್ಟಾಂತವಾಗಿ ಹೇಳುತ್ತಾರೆ. ನನಗೆ ಉಲ್ಟಾ ಕಾಣುತ್ತದೆ. ಬ್ಯಾಕಪ್ ಎಂದೇ ಮಾಡಿದ ಪ್ರತಿ ಕೈಕೊಟ್ಟಿತು, ಬೇರೆ ಕೆಲಸಕ್ಕೆಂದು ಮಾಡಿಕೊಂಡದ್ದು ಕಾಪಾಡಿತು. (ಹಾಗೆ ಕಾಪಾಡಿದ ಚಿತ್ರ ತೃಪ್ತಿಕರವಾಗಿಲ್ಲವೆಂದು ಆಮೇಲೆ ಪಿಕ್ಸಾರ್‌ನವರೇ ಬಹುಮಟ್ಟಿಗೆ ಹೊಸದಾಗಿ ಮಾಡಿದರು ಎಂಬ ಭಾಗವನ್ನು ಯಾರೂ ಒತ್ತಿ ಹೇಳುವುದಿಲ್ಲ.)

ನಮ್ಮ ಮನೆಗಳಲ್ಲೂ ಅಂಥ ಬೇರೆ ಕೆಲಸದ ಪ್ರತಿಗಳು ಹರಡಿರುತ್ತವೆ. ಮೇಲ್‌ನ ಸೆಂಟ್ ಪೆಟ್ಟಿಗೆ, ತಂಗಿಗೆ ವಾಟ್ಸಾಪಿನಲ್ಲಿ ಕಳಿಸಿದ್ದು, ಲಗ್ನಪತ್ರಿಕೆ ಅಥವಾ ಪುಸ್ತಕ ಮಾಡಿಸಿದ ಡಿಟಿಪಿ ಅಂಗಡಿಯ ಕಂಪ್ಯೂಟರು. ಕೊನೆಯದನ್ನು ಹಗುರವಾಗಿ ಕಾಣಬೇಡಿ. ನಮ್ಮ ಎಷ್ಟೋ ಲೇಖಕರ ಹಸ್ತಪ್ರತಿಗಳ ನಿಜವಾದ ಪತ್ರಾಗಾರ ಅದೇ. ಸೇವ್ ಮಾಡದೆ ಮುಚ್ಚಿದ ವರ್ಡ್ ಫೈಲಾದರೆ ಆಫೀಸು ತಾನಾಗಿ ಇಟ್ಟುಕೊಂಡ ಕರಡು ಕೆಲವು ದಿನ ಇರುತ್ತದೆ. ಡಿಲೀಟ್ ಆಯಿತೆಂದು ಅಂದುಕೊಂಡದ್ದು ಮೌಸ್ ಜಾರಿ ಪಕ್ಕದ ಫೋಲ್ಡರಿನೊಳಗೆ ಬಿದ್ದಿರುವುದೂ ಸಾಮಾನ್ಯ.

ಕ್ಲೌಡ್ ವಿಷಯದಲ್ಲಿ ತಜ್ಞರು ‘ಸಿಂಕ್ ಬೇರೆ, ಬ್ಯಾಕಪ್ ಬೇರೆ’ ಎಂದು ಗದರುತ್ತಾರೆ. ತಾತ್ವಿಕವಾಗಿ ಸರಿ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಆದರೆ ಒನ್‌ಡ್ರೈವಿನ ವೈಯಕ್ತಿಕ ಖಾತೆಗೂ ಗೂಗಲ್ ಡ್ರೈವಿಗೂ 30 ದಿನದ ಕಸದಬುಟ್ಟಿಯಿದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರಗಳಿಗೆ 60 ದಿನ. ಹೊಸ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡೆಸ್ಕ್‌ಟಾಪಿನ ಫೈಲುಗಳು ನಮಗೆ ಅರಿವಿಲ್ಲದೆಯೇ ಒನ್‌ಡ್ರೈವಿಗೆ ಸೇರಿರುವುದುಂಟು. ಎಸ್‌ಎಸ್‌ಡಿ ಕಾಲದಲ್ಲಿ ಗೃಹಸ್ಥರಿಗೆ ಉಳಿದಿರುವ ನಿಜವಾದ ‘ಅನ್‌ಡಿಲೀಟ್’ ಇದೇ. ಹಿಂದೆ ಅವಸರ ಗಂಟೆಗಳದ್ದು, ಈಗ ಕ್ಯಾಲೆಂಡರಿನದು.

ಹಾಗಾದರೆ ಟ್ರಿಮ್ ಅನ್ನೇ ಆಫ್ ಮಾಡಿಬಿಡೋಣವೇ? ಹಾಗೆ ಸಲಹೆ ಕೊಡುವವರೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಡ್ರೈವು ನಿಧಾನವಾಗುತ್ತದೆ, ಬೇಗ ಸವೆಯುತ್ತದೆ. ಅದಕ್ಕಿಂತಲೂ, ‘ಅಳಿಸು’ ಎಂದರೆ ಅಳಿಸುವ ಯಂತ್ರವೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ. ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 158 ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕುಗಳನ್ನು ಕೊಂಡು ನೋಡಿದರು. ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಖಾಸಗಿ ಪತ್ರಗಳು ಸಿಕ್ಕವು. ಡಿಲೀಟ್ ಮಾಡಿದ್ದು ಎಲ್ಲೂ ಹೋಗುವುದಿಲ್ಲ ಎಂಬ ಮಾತಿನ ಇನ್ನೊಂದು ಮುಖ ಇದು. ಬೆಂಗಳೂರಿನ ಎಸ್‌ಪಿ ರೋಡಿಗೋ ಎಕ್ಸ್‌ಚೇಂಜ್ ಮೇಳಕ್ಕೋ ಹಳೆಯ ಡೆಸ್ಕ್‌ಟಾಪ್ ಒಯ್ಯುವವರು ಆ ಮಾತನ್ನು ನೆನೆದು ಹೆದರಬೇಕು, ಹೊಸ ಲ್ಯಾಪ್‌ಟಾಪಿನವರು ಅದನ್ನು ನೆಚ್ಚಿ ನೆಮ್ಮದಿಯಾಗಿರಬಾರದು. ನಡೆಯುತ್ತಿರುವುದು ತಿರುಗಮುರುಗ.

ಹಳೆಯ ಹಾರ್ಡ್ ಡಿಸ್ಕನ್ನು ಮಾರುವ ಮುನ್ನ ‘ಕ್ವಿಕ್’ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಸ್ಟಾದಿಂದೀಚಿನ ವಿಂಡೋಸ್ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ, ಮನೆಮಟ್ಟಿಗೆ ಅಷ್ಟು ಸಾಕು. 35 ಸಲ ಬರೆಯಬೇಕು ಎನ್ನುವವರು ಸಿಕ್ಕರೆ ಆ ಸಂಖ್ಯೆಯ ಮೂಲ ತಿಳಿಸಿ: ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧ. ಆಗಿದ್ದ ನಾನಾ ಬಗೆಯ ಡಿಸ್ಕುಗಳನ್ನೆಲ್ಲ ಒಟ್ಟಿಗೆ ಲೆಕ್ಕಕ್ಕೆ ಹಿಡಿದಾಗ ಬಂದ ಸಂಖ್ಯೆಯದು. ಜನ ಅದನ್ನು ದೆವ್ವ ಬಿಡಿಸುವ ಮಂತ್ರದಂತೆ ಜಪಿಸುತ್ತಿದ್ದಾರೆ ಎಂದು ಆತನೇ ಆಮೇಲೆ ಗೊಣಗಿಕೊಂಡ.